ಮೂರು ಸಲ ತಿದ್ದಿದ ಮಾತು

ಅಪ್ಪನ ತಮ್ಮ ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಆದ ಅನಾಹುತಕ್ಕೆಲ್ಲ ಇದೇ ಮೂಲ.

ಆಗ ನಾನು ಸೊಲ್ಲಾಪುರದ ಬಟ್ಟೆ ವ್ಯಾಪಾರದ ಪೇಢಿಯೊಂದರಲ್ಲಿ ಲೆಕ್ಕ ಬರೆಯುವ ಕಾರಕೂನ. ನಮ್ಮೂರು ಅಕ್ಕಲಕೋಟೆ ಸೀಮೆಯ ನಾಗಣಸೂರ. ಶಾಲೆ ಕಲಿತದ್ದೆಲ್ಲ ಮರಾಠಿಯಲ್ಲಿ. ಕನ್ನಡ ಓದು-ಬರಹ ಕಲಿಸಿದವರು ಪೇಢಿಯ ಹಿಂದಿನ ಓಣಿಯಲ್ಲಿದ್ದ ಒಬ್ಬ ಮುದುಕ ಪಂಡಿತರು. ತಡವಾಗಿ ಕಲಿತವನ ಹಟ ಬಲು ಕೆಟ್ಟದ್ದು. ಮನೆಯಲ್ಲಿ ಆಡುವ ಹಳ್ಳಿ ಕನ್ನಡವೇ ನನಗೆ ನಾಚಿಕೆ ತರಿಸತೊಡಗಿತ್ತು.

ಆ ವರ್ಷ ಊರವರು ಹೊಸ ಬಯಲಾಟ ಬೇಕೆಂದರು. ನಾನು ಬರೆದೆ. ತಮ್ಮನಿಗೆ ಪಟ್ಟ ಬಿಟ್ಟುಕೊಟ್ಟು ಊರು ಬಿಡುವ ಅರಸನ ಕಥೆ. ಅರಸನ ವೇಷ ಕಾಕಾನದೇ. ಮೂವತ್ತು ವರ್ಷ ವೇಷ ಕಟ್ಟಿದ ಮನುಷ್ಯ, ಒಂದು ದಿನವೂ ರಂಗದ ಮೇಲೆ ತಡವರಿಸಿದವನಲ್ಲ. ಸುತ್ತಲ ಹತ್ತು ಹಳ್ಳಿಯಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಅದರಿಂದಲೇ ಬಂದದ್ದು.

"ಇದ ನನ್ನ ಕಡೀ ವೇಷ ನೋಡಪಾ ತಮ್ಮಾ. ದನಿ ಸೋಲಾಕತ್ತೈತಿ. ಛಲೋ ಬರದ ಕೊಡು," ಎಂದಿದ್ದ.

ನಾನು ರವಿವಾರ ರೈಲು ಹತ್ತಿ ಊರಿಗೆ ಹೋಗಿ ಓದಿ ಹೇಳುತ್ತಿದ್ದೆ. ಅವನು ಎತ್ತುಗಳ ಹಿಂದೆ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದ. ಅರಸ ಊರು ಬಿಡುವಾಗ ಪ್ರಜೆಗಳಿಗೆ ಹೇಳುವ ಮಾತು ಹತ್ತು-ಹನ್ನೆರಡು ಸಾಲಿನದು. ಅದೇ ಇಡೀ ಆಟದ ಜೀವ. ನಾಲ್ಕೇ ದಿನದಲ್ಲಿ ಅದು ಅವನ ಬಾಯಿಗೆ ಬಂದಿತ್ತು. "ಎತ್ತಿಗೂ ಬರತೈತಿ ಈಗ, ಬೇಕಾರ ಕೇಳ ನೋಡು," ಎಂದು ನಕ್ಕ.

ನನಗೆ ಸಮಾಧಾನವಾಗಲಿಲ್ಲ. ಪಂಡಿತರಿಗೆ ತೋರಿಸಿದೆ. "ಛಲೋ ಅದ. ಈ ಒಂದ ಸಾಲು ಸ್ವಲ್ಪ ಕುಂಟತದ," ಎಂದರು. ನಾನು ಇಡೀ ಮಾತನ್ನೇ ಬದಲಿಸಿದೆ. ಕಾಕಾ ಹಳೆಯದನ್ನು ಮರೆತು ಹೊಸದನ್ನು ಕಲಿತ. ತಿಂಗಳು ಬಿಟ್ಟು ಮತ್ತೆ ಬದಲಿಸಿದೆ. ಅದನ್ನೂ ಕಲಿತ. ಮೂರನೆಯದನ್ನು ನೋಡಿದ ಪಂಡಿತರು, "ಇನ್ನ ಸಾಕು, ಕೈ ಬಿಡು," ಎಂದರು. ಆದರೆ ನನಗೆ ಚಟ ಹತ್ತಿತ್ತು. ಒಂದೊಂದು ಪದ ಬಿಗಿಯಾದಾಗಲೂ ನಾನು ದೊಡ್ಡವನಾದೆ ಎನ್ನಿಸುತ್ತಿತ್ತು.

ಆಟಕ್ಕೆ ಎರಡು ದಿನ ಇರುವಾಗ ನಾಲ್ಕನೆಯದನ್ನು ಒಯ್ದೆ.

ಕಾಕಾ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೈ ನಿಂತಿತು. "ಬ್ಯಾಡ ತಮ್ಮಾ. ಇದ್ದದ್ದ ಇರಲಿ. ಒಂದರ ಮ್ಯಾಲ ಒಂದು ಬಂದು ತಲಿಯಾಗ ಸಂತಿ ಆಗೈತಿ."

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. "ನಿಮಗ ಸಾಹಿತ್ಯ ಅಂದ್ರ ಏನ್ ತಿಳೀತೈತ್ರಿ ಕಾಕಾ?" ಎಂದುಬಿಟ್ಟೆ. ಅವನು ಸುಣ್ಣ ಹಚ್ಚಿದ ಎಲೆಯನ್ನು ಕೆಳಗಿಟ್ಟ. "ಓದು ಹಂಗಾದ್ರ," ಎಂದ.

ಆಟದ ಸಂಜೆ ದೀಪ ಹಚ್ಚುವ ಹೊತ್ತಿಗೇ ಜನ ಕಿಕ್ಕಿರಿದಿದ್ದರು. ದೂರದ ತಡವಳ ಊರಿನಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಮೊದಲೆಲ್ಲ ಚೆನ್ನಾಗಿಯೇ ನಡೆಯಿತು. ಊರು ಬಿಡುವ ಮಾತು ಬಂತು. ಕಾಕಾ ಮೊದಲ ಸಾಲನ್ನು ನಾಲ್ಕನೆಯದರಿಂದ ಎತ್ತಿದ. ಎರಡನೆಯ ಸಾಲು ಮೊದಲನೆಯದರಿಂದ ಬಂತು. ಮುಂದಿನದು ಎಲ್ಲಿಯದೋ. ಅಲ್ಲಿಗೆ ನಿಂತ.

ಮದ್ದಳೆಯವನು ಸುಮ್ಮನೆ ಒಂದು ಸುತ್ತು ಬಾರಿಸಿ ಕಾದ. ಕಾಕಾ ನನ್ನತ್ತ ತಿರುಗಿದ. ಪರದೆಯ ಮಗ್ಗುಲಲ್ಲಿ ಆಟದ ಮಾತು ಬರೆದ ವಹಿ ಹಿಡಿದು ನಿಂತವನು ನಾನೇ. ಒಂದು ಸಾಲು ಎತ್ತಿಕೊಟ್ಟಿದ್ದರೆ ಸಾಕಿತ್ತು. ವಹಿಯಲ್ಲಿ ನೋಡಿದೆ. ಹೊಡೆದು ಹಾಕಿದ್ದರ ಮೇಲೆ ಬರೆದದ್ದು, ಅದನ್ನೂ ಹೊಡೆದು ಮಗ್ಗುಲಿಗೆ ಬರೆದದ್ದು. ನನ್ನ ಕೈಬರಹ ನನಗೇ ಓದಲು ಬರಲಿಲ್ಲ. ಅಷ್ಟು ಜನರ ಮುಂದೆ ಅವನು ನನ್ನ ಬಾಯಿ ನೋಡುತ್ತ ನಿಂತ, ನಾನು ಹಾಳೆ ತಿರುವುತ್ತ ನಿಂತೆ.

"ರಾಜಾ ಮೂಕ ಆದ!" ಎಂದು ಯಾರೋ ಹಿಂದಿನಿಂದ ಕೂಗಿದರು. ಜನ ನಕ್ಕರು. ಕಾಕಾ ಕಿರೀಟ ಬಿಚ್ಚಿ ಮದ್ದಳೆಯವನ ಪಕ್ಕಕ್ಕಿಟ್ಟು, ಮುಖದ ಬಣ್ಣದಲ್ಲೇ ಮನೆಗೆ ನಡೆದ. ಮತ್ತೆ ವೇಷ ಕಟ್ಟಲಿಲ್ಲ.

ಎರಡು ವರ್ಷದ ಮೇಲೆ ಸೊಲ್ಲಾಪುರದ ಪಂಡಿತರ ಕೂಟವೊಂದರಲ್ಲಿ ಆ ನಾಲ್ಕನೆಯ ಮಾತನ್ನು ಓದಿದೆ. ಶಾಲು ಹೊದಿಸಿದರು. ಒಂದು ಅಕ್ಷರ ತೆಗೆಯುವಂತಿಲ್ಲ ಎಂದರು. ಶಾಲು ತೆಗೆದುಕೊಂಡು ಊರಿಗೆ ಬಂದು ನೇರ ಹೊಲಕ್ಕೆ ಹೋದೆ. ಕಾಕಾ ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿದ್ದ. ಶಾಲನ್ನು ಕೈಯಿಂದ ಮುಟ್ಟಿ ನೋಡಿ, "ಛಲೋ ಆತು," ಎಂದ. ಆಮೇಲೆ ಹೊಲದ ಕಡೆ ಮುಖ ಮಾಡಿ, ಮೆಲ್ಲಗೆ ಹೇಳತೊಡಗಿದ.

"ಹೊಲಾ ನಿಮ್ಮದು, ಬಾವಿ ನಿಮ್ಮದು. ನಾ ಕುಡದ ನೀರಷ್ಟ ನಂದು. ಅದನ್ನೂ ಬೆವರ ಮಾಡಿ ಇಲ್ಲೇ ಚೆಲ್ಲೀನಿ..."

ನಾನು ಮೊದಲು ಬರೆದದ್ದು. ಹನ್ನೆರಡು ಸಾಲನ್ನೂ ಎಲ್ಲಿಯೂ ತಡವರಿಸದೆ ಹೇಳಿದ. ಶಾಲು ಹೊದಿಸಿಕೊಂಡ ಮಾತು ಇದರ ಮುಂದೆ ಏನೂ ಅಲ್ಲವೆಂದು ನನಗೆ ಆಗಲೇ ತಿಳಿಯಿತು. ಇದರ ಪ್ರತಿ ನನ್ನಲ್ಲಿ ಉಳಿದಿರಲಿಲ್ಲ. ಕಿಸೆಯಿಂದ ಪೆನ್ಸಿಲು ತೆಗೆದು, "ಇನ್ನೊಮ್ಮೆ ಹೇಳ್ರಿ ಕಾಕಾ, ಬರಕೋತೀನಿ," ಎಂದೆ.

ಅವನು ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟ.

"ಬ್ಯಾಡ. ಬರಕೊಂಡ್ರ ಮತ್ತ ತಿದ್ದತಿ," ಎಂದ.