ಕಾಶಿಗೆ ಹೊರಟ ಅಕ್ಕೋರು

ಅಕ್ಕೋರ ಎಡಹುಬ್ಬು ಬಲಹುಬ್ಬಿಗಿಂತ ತುಸು ಮೇಲೆ. ಹುಟ್ಟಿನಿಂದ ಅಲ್ಲ, ಅಭ್ಯಾಸದಿಂದ. ತರಗತಿಯಲ್ಲಿ ಯಾರಾದರೂ ಕಾರಣ ಕೊಡದೆ ಏನನ್ನಾದರೂ ಸಾರಿದರೆ ಆ ಹುಬ್ಬು ಏರುತ್ತಿತ್ತು. ಮಾತಾಡಿದವರು ತಾವಾಗಿಯೇ ತಡವರಿಸುವವರೆಗೆ ಇಳಿಯುತ್ತಿರಲಿಲ್ಲ. ಮದುವೆಯ ದಿನ ಬಾಸಿಂಗದ ಕೆಳಗೂ ಅದು ಏರಿದ್ದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ರಿಪ್ಪನ್‌ಪೇಟೆಯಲ್ಲಿ ಜನ ಇವತ್ತಿಗೂ ಹೇಳುವ ಕಥೆಯನ್ನು ಒಪ್ಪುವುದಿಲ್ಲ.

ಅವರ ಕಥೆ ಇಷ್ಟು: ಹೈಸ್ಕೂಲಿನ ಕನ್ನಡದ ಅಕ್ಕೋರು ಧಾರೆಗೆ ಮೊದಲು ಮನಸ್ಸು ಬದಲಿಸಿ ಛತ್ರದಿಂದ ಓಡಿದರು, ಬಸ್ಸು ಹತ್ತುವಾಗ ಅಪ್ಪ ಹಿಡಿದು ಎಳೆದು ತಂದರು. ಸರಿ, ಓಡಿಹೋಗುವವರು ವಾಲಗದವರನ್ನು ಮುಂದೆ ಬಿಟ್ಟುಕೊಂಡು, ಕೊಡೆ ಬಿಚ್ಚಿ, ಹಿಂದೆ ಮಕ್ಕಳ ದಂಡು ಕಟ್ಟಿಕೊಂಡು ಓಡುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ನನಗೆ ಇನ್ನೂ ಸಿಕ್ಕಿಲ್ಲ. ಆ ದಂಡಿನಲ್ಲಿ ನಾನೂ ಇದ್ದೆ.

ನನಗೆ ಚರ್ಚೆ ಕಲಿಸಿದವರು ಅವರೇ. ಸಾಗರದ ಒಂದು ಸ್ಪರ್ಧೆಯಲ್ಲಿ ಎದುರಾಳಿ ಹುಡುಗಿಯ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿದೆ. ಅವಳು ಅರ್ಧಕ್ಕೇ ವೇದಿಕೆ ಇಳಿದು ಹೋದಳು. ಕಪ್ಪು ಹಿಡಿದು ಬೀಗುತ್ತಾ ಬಂದವಳಿಗೆ ಅಕ್ಕೋರು, "ಗೆದ್ದೆ, ಸರಿ. ಆ ಹುಡ್ಗಿಗೆ ಕೂರಕ್ಕೆ ಒಂದು ಕುರ್ಚಿನಾದ್ರೂ ಬಿಟ್ಯೇನೆ?" ಎಂದರು.

"ಕುರ್ಚಿ ಬಿಡ್ಬೇಕು ಅಂತ ನಿಯಮದಲ್ಲಿ ಇಲ್ಲ ಅಕ್ಕೋರೆ."

"ಇಲ್ಲ. ಅದ್ಕೇ ಹೇಳ್ತಾ ಇರೋದು."

ಇಂಥವರು ಮನಸೋತದ್ದು ದಿನಾ ತಾವು ಶಾಲೆಗೆ ಬರುವ ಖಾಸಗಿ ಬಸ್ಸಿನ ಕಂಡಕ್ಟರಿಗೆ. ಅರಳಸುರಳಿ ಕಡೆಯ ಗೌಡರ ಮನೆಯವರು ಆತ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಎಲ್ಲ ಕಂಡಕ್ಟರುಗಳಂತೆ ಆತನೂ, "ಮುಂದೆ ಖಾಲಿ ಇದೆ, ಹೋಗಿ ಹೋಗಿ" ಎಂದು ಕೂಗುತ್ತಿದ್ದರು. ಒಂದು ದಿನ ಅಕ್ಕೋರು ತಿರುಗಿ ನಿಂತು, "ಖಾಲಿ ಇದೆ ಅಂತ ಸಾಧಿಸಿ ತೋರ್ಸಿ" ಎಂದರು. ಬೇರೆ ಯಾರಾದರೂ ಆಗಿದ್ದರೆ ಜಗಳವಾಗುತ್ತಿತ್ತು. ಆತ ಜನರ ನಡುವೆ ನುಸುಳಿ ಎಂಜಿನ್ ಪಕ್ಕದವರೆಗೆ ಹೋಗಿ, ಒಂದು ಕಾಲಿನ ಮೇಲೆ ನಿಂತು, "ನೋಡಿ ಮೇಡಂ, ಇನ್ನೂ ಅರ್ಧ ಮನುಷ್ಯಂಗೆ ಜಾಗ ಇದೆ" ಎಂದರಂತೆ. ಬಸ್ಸಿಗೆ ಬಸ್ಸೇ ನಕ್ಕಿತು. ಅಕ್ಕೋರೂ ನಕ್ಕರು. ಅಲ್ಲಿಗೆ ಆ ವಾದ ಮುಗಿಯಿತು; ಅಥವಾ ಶುರುವಾಯಿತು.

ಅಕ್ಕೋರದು ಹೊಸನಗರದ ಹತ್ತಿರದ ಭಟ್ಟರ ಮನೆ. ತಾಯಿ ಇಲ್ಲ. ನಾವೆಲ್ಲ ಅಜ್ಜ ಎಂದು ಕರೆಯುವ ಅವರ ಅಪ್ಪ, ಜಾತಿಯ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಆಡಿದ್ದು ಇಷ್ಟೇ: "ಕಾಶಿಯಾತ್ರೆ ಇಲ್ದೇ ಹೋದ್ರೆ ಎಂಗಳಲ್ಲಿ ಅದು ಮದ್ವೆನೇ ಅಲ್ಲ. ನಾ ಬತ್ನಿಲ್ಲೆ." ಬರುವುದಿಲ್ಲ ಎಂದರೆ ಬರುವುದಿಲ್ಲ.

ಕಾಶಿಯಾತ್ರೆ ಎಂದರೆ ಮದುವೆಯ ದಿನ ಗಂಡು ಕೊಡೆ ಹಿಡಿದು, ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡುವುದು. ಹೆಣ್ಣಿನ ಅಪ್ಪ ಕುಂಕುಮ ಹಚ್ಚಿದ ತೆಂಗಿನಕಾಯಿ ಕೈಗಿಟ್ಟು ತಡೆದು, ಮಂಟಪಕ್ಕೆ ಕರೆತರುವುದು. ಗಂಡಿನ ಮನೆಯಲ್ಲಿ ಈ ಪದ್ಧತಿ ಇಲ್ಲ. ಕಂಡಕ್ಟರ್ ಕೈಮುಗಿದುಬಿಟ್ಟರು. "ದಿನಾ ಊರೂರು ತಿರುಗೋನು ನಾನು. ಇದೊಂದು ದಿನ ಎಲ್ಲಿಗೂ ಹೋಗಲ್ಲ ಮಾರಾಯ್ತಿ. ಹೋಗ್ತೀನಿ ಅಂತ ಸುಳ್ಳು ಹೇಳಕ್ಕೂ ನಂಗೆ ಬರಲ್ಲ."

"ಹಂಗಾದ್ರೆ ನಾ ಹೋಗ್ತೀನಿ" ಎಂದರು ಅಕ್ಕೋರು.

ಅವರ ವಾದ ಸರಳವಾಗಿತ್ತು. ಅಪ್ಪ ಕೇಳಿದ್ದು ಕಾಶಿಯಾತ್ರೆ. ಹೊರಡುವವರು ಯಾರು ಎಂದು ಹೇಳಿಲ್ಲ. ಆದರೆ ಯಾರೇ ಹೊರಡಲಿ, ತಡೆಯಬೇಕಾದವರು ಹೆಣ್ಣಿನ ಅಪ್ಪ. ಫೋನು ಮಾಡಿದರು. "ಅಪ್ಪಯ್ಯ, ಕಾಶಿಯಾತ್ರೆ ಇದ್ದು. ಬಾ."

"ಯಾರು ಹೊಂಟಿದ್ದು?"

"ಬಂದ್ರೆ ಗೊತ್ತಾಗ್ತು."

ಮದುವೆಯ ದಿನ ಅಜ್ಜ ಬಂದರು. ಆದರೆ ಛತ್ರಕ್ಕಲ್ಲ. ಎದುರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೊಂದು ಬಟ್ಟೆ ಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತರು. ಶಿವಮೊಗ್ಗದ ಬಸ್ಸು ಹೋಯಿತು, ತೀರ್ಥಹಳ್ಳಿಯದೂ ಹೋಯಿತು. ಅಜ್ಜ ಏಳಲಿಲ್ಲ. ಛತ್ರದ ಬಾಗಿಲಲ್ಲಿ ನಿಂತವರು ಅತ್ತ ನೋಡಿಯೂ ನೋಡದ ಹಾಗಿದ್ದರು.

ಆಗ ವಾಲಗ ಹೊರಬಂತು. ಹಿಂದೆ ಅಕ್ಕೋರು: ಬಾಸಿಂಗ, ಧಾರೆ ಸೀರೆ, ಕಾಲಿಗೆ ಶಾಲೆಯ ಚಪ್ಪಲಿ, ತಲೆಯ ಮೇಲೆ ಕಡ್ಡಿ ಮುರಿದ ಕರಿ ಕೊಡೆ. ರಸ್ತೆ ದಾಟುವಾಗ ಅಡಿಕೆ ಲಾರಿಯೊಂದು ತಾನಾಗಿ ನಿಂತಿತು. ನಿಲ್ದಾಣದಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಅದೇ ಬಸ್ಸು. ಬಾಗಿಲಲ್ಲಿ ಪೇಟ, ಪಂಚೆಯ ಮದುಮಗ ಜೋತುಬಿದ್ದು ಕೂಗುತ್ತಿದ್ದರು: "ಕಾಶಿ, ಕಾಶಿ, ಕಾಶಿ... ಮುಂದೆ ಖಾಲಿ ಇದೆ, ಹತ್ತಿ ಹತ್ತಿ."

"ಖಾಲಿ ಇದೆ ಅಂತ ಸಾಧಿಸಿ ತೋರ್ಸಿ."

ಎಲ್ಲರೂ ನಕ್ಕರು, ಬೆಂಚಿನ ಮೇಲಿದ್ದವರೊಬ್ಬರನ್ನು ಬಿಟ್ಟು. ಪುರೋಹಿತರು, "ತಡೆಯುವವರು ಯಾರು?" ಎಂದರು. ಸೋದರಮಾವ ಮುಂದೆ ಬಂದರು. ಅಕ್ಕೋರ ಹುಬ್ಬು ಏರಿತು. ಮಾವ ಹಿಂದೆ ಸರಿದರು. ಅಕ್ಕೋರು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಹಾಗೇ ನಿಂತರು. ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ. ಕೊಡೆಯನ್ನು ಮಾತ್ರ ತುಸು ಬೆಂಚಿನ ಕಡೆಗೆ ವಾಲಿಸಿದರು. ಅದು ಕಂಡದ್ದು ಹತ್ತಿರವಿದ್ದ ನನಗೆ, ಮತ್ತೆ ಬಾಗಿಲಲ್ಲಿದ್ದ ಕಂಡಕ್ಟರಿಗೆ. ಅವರು ಒಂದು ಕ್ಷಣ ಅಕ್ಕೋರ ಮುಖ ನೋಡಿ, "ರೈಟ್" ಎಂದರು. ಎಂಜಿನ್ ಗುಡುಗಿತು.

ಅಜ್ಜ ಎದ್ದರು. ಬಂದು ಮಗಳ ಕೈ ಹಿಡಿಯಲಿಲ್ಲ, ಎಳೆಯಲೂ ಇಲ್ಲ. ಕೊಡೆಯ ತುದಿ ಹಿಡಿದುಕೊಂಡರು. "ಸಾಕು, ಇಳಿ. ಕಾಶಿಲಿ ಎಂತ ಇದ್ದು? ಇಲ್ಲಿ ಊಟ ತಣಿತಾ ಇದ್ದು." ಚೀಲದಿಂದ ತೆಂಗಿನಕಾಯಿ ತೆಗೆದು ಮಗಳ ಕೈಗಿಟ್ಟರು. ಆಮೇಲೆ ಮದುಮಗನ ಕಡೆ ತಿರುಗಿ, "ನೀನೂ ಇಳಿ ಮಾರಾಯ, ಮುಹೂರ್ತ ಮೀರ್ತು" ಎಂದರು. ಧಾರೆಯ ನೀರನ್ನು ಅವರೇ ಎರೆದರು. ಕೊಡೆಯನ್ನು ಮಾತ್ರ ಮಗಳಿಗೆ ಹಿಂದಿರುಗಿಸದೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು.

ಈಗ ನಾನು ಕಾನೂನು ಓದುತ್ತಿದ್ದೇನೆ. ಎದುರಿನವರ ಮಾತನ್ನು ಮುರಿಯುವ ಮೊದಲು ಅವರಿಗೆ ಕೂರಲು ಕುರ್ಚಿ ಇದೆಯೇ ಎಂದು ಒಮ್ಮೆ ನೋಡುತ್ತೇನೆ. ಯಾವಾಗಲೂ ಅಲ್ಲ; ಆದರೆ ನೋಡಿದಾಗಲೆಲ್ಲ ಅದು ಅಕ್ಕೋರ ಋಣ.

ಅಪ್ಪನನ್ನು ಅಪ್ಪನದೇ ಷರತ್ತಿನಲ್ಲಿ ಸಿಕ್ಕಿಸಿ ಅಕ್ಕೋರು ಗೆದ್ದರು ಎಂದೇ ಬಹಳ ಕಾಲ ನಂಬಿದ್ದೆ. ಈಚೆಗೆ ಅದರ ಮೇಲೂ ಅನುಮಾನ ಬಂದಿದೆ. ಬರುವುದಿಲ್ಲ ಎಂದಷ್ಟೇ ಹೇಳಿ ಮುಗಿಸಬಹುದಾಗಿದ್ದವರು ಷರತ್ತನ್ನಾದರೂ ಯಾಕೆ ಇಟ್ಟರು? ಮಗಳಿಗೆ ವಾದ ಕಲಿಸಿದವರು ಯಾರು? ಮೊನ್ನೆ ರಿಪ್ಪನ್‌ಪೇಟೆಯಲ್ಲಿ ಅಕ್ಕೋರ ಮನೆಗೆ ಹೋದಾಗ ಅಜ್ಜ ಬಂದಿದ್ದರು, ಅಳಿಯನ ಬಸ್ಸಿನಲ್ಲೇ. ಅಳಿಯ ಕೊಟ್ಟ ಕವಳದ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ಎದುರು ಕೂತು ಕೇಳಿಯೇಬಿಟ್ಟೆ.

"ಅಜ್ಜಾ, ಬಸ್ಸಿಗೆ ಕಾಯ್ತಾ ಕೂತೋರ ಚೀಲದಲ್ಲಿ ಕುಂಕುಮ ಹಚ್ಚಿದ ಕಾಯಿ ಯಾಕಿತ್ತು?"