ಸೂಟಿಯ ದಿನದ ಗುಳಿಗೆ

ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಹದಿನಾಲ್ಕು ವರ್ಷ ಕಂಡಕ್ಟರಾಗಿದ್ದೆ. ಕೆಲಸಕ್ಕೆ ಸೇರಿದಾಗ ಕಡ್ಡಿಯಂತಿದ್ದೆ. ಕೊನೆಕೊನೆಗೆ ಟಿಕೆಟ್ ಕೊಡುತ್ತ ಹಿಂದಿನ ಸೀಟು ಮುಟ್ಟುವುದರೊಳಗೆ ಏದುಸಿರು ಬರುತ್ತಿತ್ತು. ಜನ ಸರಿದು ದಾರಿ ಬಿಟ್ಟರೂ ನಡುವೆ ನಾನೇ ಸಿಕ್ಕಿಕೊಳ್ಳುತ್ತಿದ್ದೆ.

ಮೈ ಬೆಳೆದದ್ದಕ್ಕೆ ಯಾರನ್ನು ದೂರಲಿ? ಬಸ್ಸು ನಿಲ್ಲುವ ಹೋಟೆಲಿನವರು ಡ್ರೈವರ್, ಕಂಡಕ್ಟರನ್ನು ಖಾಲಿ ಹೊಟ್ಟೆಯಲ್ಲಿ ಕಳಿಸುವವರಲ್ಲ. ಕೂತ ಕೂಡಲೇ ಮುಂದೆ ಮಂಡಕ್ಕಿಯ ಸುಸಲಾ, ಜೊತೆಗೆ ನಾಲ್ಕು ಮಿರ್ಚಿ ಭಜಿ. ಬೇಡವೆಂದರೆ ಮುಖ ಸಣ್ಣ ಮಾಡುತ್ತಿದ್ದರು. ನಾನು ಬೇಡವೆಂದದ್ದೂ ಕಡಿಮೆಯೇ ಅನ್ನಿ. ನೀರನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ನೀರು ಕುಡಿದರೆ ಒಂದಕ್ಕೆ ಹೋಗಬೇಕಲ್ಲ. ಡ್ರೈವರಣ್ಣ ಬೇಕೆಂದಲ್ಲಿ ಬಸ್ಸು ನಿಲ್ಲಿಸಿ ಜಾಲಿಗಿಡದ ಮರೆಗೆ ಹೋಗಿ ಬರುತ್ತಿದ್ದ. ಕಿಟಕಿಗಳ ತುಂಬ ಜನ ನೋಡುತ್ತಿರುವಾಗ ಹೆಂಗಸು ನಾನೆಲ್ಲಿ ಹೋಗಲಿ? ಹೋಟೆಲಿನಲ್ಲೂ ಅದಕ್ಕೆ ಜಾಗವಿರಲಿಲ್ಲ. ನಿಲ್ದಾಣಕ್ಕೆ ಬಂದರೆ, ಇಳಿಯುವ ಮೊದಲೇ ಜನ ಬಾಗಿಲಿಗೆ ಮುಗಿಬೀಳುತ್ತಿದ್ದರು.

ಹೀಗಿರುವಾಗ ಬಿಪಿ ಹೆಚ್ಚಾಗಿದೆಯೆಂದು ಶಹಾಪುರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅದನ್ನು ನುಂಗಿದ ದಿನ ತಾಸಿಗೆರಡು ಸಲ ಏಳಬೇಕಾಗುತ್ತಿತ್ತು. ನಾನೊಂದು ಜಾಣತನ ಮಾಡಿದೆ. ಡ್ಯೂಟಿಯ ಆರು ದಿನ ಬಿಟ್ಟು ಸೂಟಿಯ ಒಂದು ದಿನ ಮಾತ್ರ ನುಂಗತೊಡಗಿದೆ. ಡಾಕ್ಟರು ಕೇಳಿದರೆ ದಿನಾ ತಗೊಳ್ಳುತ್ತೇನೆ ಎನ್ನುತ್ತಿದ್ದೆ. ಒಂದಕ್ಕೆ ಹೋಗುವ ಮಾತನ್ನು ಗಂಡಸಿನ ಮುಂದೆ ಎತ್ತಲು ನಾಲಿಗೆ ಏಳಲಿಲ್ಲ. ಬಿಪಿ ಇಳಿಯದ್ದು ನೋಡಿ, ನನ್ನನ್ನು ನಂಬಿ ಅವರು ಡೋಸು ಏರಿಸಿದರು. ಈಗ ದಿನಾ ಅಷ್ಟನ್ನೂ ನುಂಗಿದರೆ ಎಲ್ಲಿ ತಲೆ ಸುತ್ತಿ ಬೀಳುತ್ತೇನೋ ಎಂಬ ಭಯ, ನಿಜ ಹೇಳಿದರೆ ಬೈಸಿಕೊಳ್ಳುವ ಭಯ. ಸುಳ್ಳಿನೊಳಗೆ ನಾನೇ ಹೋಗಿ ಕೂತು ಬಾಗಿಲು ಹಾಕಿಕೊಂಡಿದ್ದೆ.

ಹೀಗೇ ಕೆಲವು ವರ್ಷ ಕಳೆದು, ಒಂದು ಮಧ್ಯಾಹ್ನ ಶಹಾಪುರ ದಾಟಿದ ಮೇಲೆ, ಬುಟ್ಟಿಯಡಿ ಮುಚ್ಚಿಟ್ಟ ಕೋಳಿ ಒದ್ದಾಡಿದ ಹಾಗೆ ಎದೆ ಒದ್ದಾಡಿತು. ಒಮ್ಮೆ ಓಡಿತು, ಒಮ್ಮೆ ತಡೆಯಿತು, ಮತ್ತೆ ಎರಡು ಸಲ ಒಟ್ಟಿಗೇ ಬಡಿಯಿತು. ಮುಂದೆ ಜನ, ಹಿಂದೆ ಜನ, ಬೆನ್ನಿಗೆ ಯಾರದೋ ಚೀಲ. ಬಸ್ಸು ನಿಲ್ಲಿಸಲು ಸೀಟಿ ಊದಬೇಕು; ಊದಲು ಉಸಿರಿರಲಿಲ್ಲ. ಸತ್ತೇ ಹೋಗುತ್ತೇನೆ ಅನ್ನಿಸಿತು. ಸುರಪುರ ಬರುವವರೆಗೂ ಕಂಬಿ ಹಿಡಿದು ನಿಂತೆ.

ಮರುದಿನ ಯಾದಗಿರಿಯಲ್ಲಿ ಇಸಿಜಿ ತೆಗೆದರು. ಡಾಕ್ಟರಮ್ಮ ನನ್ನ ತಂಗಿಯ ವಯಸ್ಸಿನವರು. ಬಡಿತ ತಾಳ ತಪ್ಪಿದೆ ಎಂದರು. ಬಹಳ ದಿನ ಬಿಪಿ ಏರಿ ಹೃದಯದ ಮೇಲಿನ ಕೋಣೆ ಹಿಗ್ಗಿದೆ, ಅದರ ಮೇಲೆ ತೂಕದ ಹೊರೆ ಬೇರೆ, ಹೀಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದೀತು ಎಂದು ಬಿಡಿಸಿ ಹೇಳಿದರು. ಆಮೇಲೆ, ಗುಳಿಗೆ ದಿನಾ ತಗೊಳ್ಳುತ್ತಿದ್ದಿರಾ ಎಂದು ಕೇಳಿದರು. ಅಂದು ಮೊದಲ ಬಾರಿಗೆ ಬಾಯಿ ಬಿಟ್ಟೆ.

"ಇಲ್ರಿ. ಸೂಟಿ ದಿನ ಅಷ್ಟ ತಗೋತಿದ್ದೆ. ಬಸ್ಸಿನ್ಯಾಗ ಒಂದಕ್ಕ ಹೋಗಾಕ ಆಗಂಗಿಲ್ರಿ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಮೊದ್ಲ ಹೇಳಬೇಕಿತ್ತಲ್ರಿ ಅಕ್ಕ. ಆ ತ್ರಾಸ ಇಲ್ಲದ ಗುಳಗಿನೂ ಅದಾವ."

ನನಗೆ ಅಳು ಬಂದಿತು. ರೋಗಕ್ಕಲ್ಲ, ಅಷ್ಟು ಸಣ್ಣ ಮಾತಿಗೆ ಅಷ್ಟು ವರ್ಷ ಬಾಯಿ ಕಟ್ಟಿಕೊಂಡದ್ದಕ್ಕೆ.

ಈಗ ಡಿಪೋದಲ್ಲಿ ಟಿಕೆಟ್ ಮಷೀನು ಕೊಟ್ಟು ತೆಗೆದುಕೊಳ್ಳುವ ಕೆಲಸ. ಹತ್ತು ಹೆಜ್ಜೆಗೆ ಬಾತ್‌ರೂಮಿದೆ. ರಕ್ತ ತೆಳು ಮಾಡುವ ಗುಳಿಗೆಯನ್ನು ಸೂಟಿಯ ದಿನವೂ ತಪ್ಪಿಸುವಂತಿಲ್ಲ. ತೂಕ ಸ್ವಲ್ಪ ಇಳಿದಿದೆ. ಎದೆಯ ತಾಳ ಮಾತ್ರ ಮೊದಲಿನಂತಾಗಿಲ್ಲ.

ನನ್ನ ಬಸ್ಸಿಗೆ ಬೇರೊಬ್ಬ ಕಂಡಕ್ಟರಮ್ಮ ಬಂದಿದ್ದಾಳೆ. ಅವಳು ಬೆಳಿಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆ ಹಾಗೇ ತುಂಬಿ ಬರುತ್ತದೆ. ಮೊನ್ನೆ ಮಷೀನು ಒಪ್ಪಿಸಲು ಬಂದಾಗ, ಸುತ್ತ ಗಂಡಸರಿದ್ದರೂ ಕೇಳಿಯೇಬಿಟ್ಟೆ.

"ಒಂದಕ್ಕ ಎಲ್ಲಿ ಹೋಗ್ತೀಯವ್ವ?"

ಡ್ರೈವರುಗಳು ತಿರುಗಿ ನೋಡಿದರು. ಅವಳು ಬಾಟಲಿಯನ್ನು ಚೀಲದೊಳಗೆ ತಳ್ಳಿ ತಲೆ ತಗ್ಗಿಸಿದಳು.