ಹಿಂದಿನ ಸೀಟಿನಲ್ಲಿ ಕೂತ ಅಂಜಿಕೆ

ಖಾಲಾಗೆ ಹೆದರಿಕೆಯಾದರೆ ಮೊದಲು ಅವರ ಗದ್ದ ನಡುಗುತ್ತಿತ್ತು. ಗದ್ದದ ನಡುವೆ ಹುಣಸೆ ಬೀಜದಷ್ಟು ಒಂದು ಹಳೆಯ ಗಾಯದ ಗುರುತು. ಚಿಕ್ಕವರಿದ್ದಾಗ ಬಬಲೇಶ್ವರದ ತವರುಮನೆಯಲ್ಲಿ ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು ಆದದ್ದು. ಆ ಗುರುತು ಅಲ್ಲಾಡತೊಡಗಿತೆಂದರೆ ನಮ್ಮ ಓಣಿಯವರಿಗೆಲ್ಲ ವಿಷಯ ತಿಳಿಯುತ್ತಿತ್ತು. ಹಲ್ಲಿ, ಗುಡುಗು, ಲಿಫ್ಟು, ಸಿಲಿಂಡರಿನ ಸುಂಯ್ ಎನ್ನುವ ಸದ್ದು, ಎಲ್ಲಕ್ಕೂ ಅವರಿಗೆ ಅಂಜಿಕೆ. ವಿಜಯಪುರದಲ್ಲೇ ಸಂಸಾರ ಮಾಡಿದರೂ ಗೋಲಗುಮ್ಮಟದ ಮೇಲೆ ನಿಂತು ಊರು ನೋಡಿದವರಲ್ಲ. ಒಮ್ಮೆ ಹತ್ತಲು ಹೋಗಿ ಅರ್ಧ ಮೆಟ್ಟಿಲಿಗೇ ಗೋಡೆ ಹಿಡಿದು ಕೂತುಬಿಟ್ಟಿದ್ದರಂತೆ.

ನಮ್ಮದೂ ಅವರದೂ ಒಂದೇ ಗೋಡೆಯ ಮನೆ; ಚಿಕ್ಕಮ್ಮ ಎನ್ನುವ ಹಾಗೆ ನಾನು ಅವರನ್ನು ಖಾಲಾ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಟಿಕೋಟಾದಲ್ಲಿದ್ದ ಅವರ ಅಕ್ಕ ಹಾಸಿಗೆ ಹಿಡಿದಾಗ, ಬಸ್ಸಿಗೆ ಕಾದು ಕಾದು ಸಾಕಾಗಿ, ಒಂದು ದಿನ ನಮ್ಮ ಬಾಗಿಲಲ್ಲಿ ನಿಂತು, "ಬೇಟಾ, ನನಗ ಸ್ಕೂಟಿ ಕಲಸ್ತಿ ಏನು?" ಎಂದರು. ಗದ್ದ ಆಗಲೇ ನಡುಗುತ್ತಿತ್ತು.

ಕೋಟೆ ಗೋಡೆಯ ಪಕ್ಕದ ಬಯಲಿನಲ್ಲಿ ಕಲಿಸಿದೆ. ಬ್ರೇಕು ಹಿಡಿಯುವುದನ್ನು ಬಿಟ್ಟು ಎರಡೂ ಕಾಲು ನೆಲಕ್ಕೆ ಊರಿ, ಚಪ್ಪಲಿ ಸವೆಸಿ, ಕೂಗಾಡಿ, ಬಿದ್ದು, ಎದ್ದರು. ಕೊನೆಗೆ ಪ್ರತಿ ಸೋಮವಾರ ಸ್ಕೂಟಿ ಮೇಲೆ ಟಿಕೋಟಾಕ್ಕೆ ಹೋಗಿಬರತೊಡಗಿದರು. ಕಲಿಸುತ್ತಲೇ ಅದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಅದು ಒಂದು ಕಿರುಚಿತ್ರವಾಯಿತು. ಉತ್ತರ ಭಾರತದ ಒಂದು ಸಣ್ಣ ಬೆಟ್ಟದ ಊರಿನಲ್ಲಿ ಅಲ್ಲಿಯ ಜನವೇ ಸೇರಿ ವರ್ಷಕ್ಕೊಮ್ಮೆ ಚಿತ್ರೋತ್ಸವ ನಡೆಸುತ್ತಾರೆಂದು ತಿಳಿದು ಕಳಿಸಿದೆ. ಆಯ್ಕೆಯಾಯಿತು.

"ಅಷ್ಟು ದೂರ ಒಬ್ಬಾಕಿನ್ನ ಕಳಸಂಗಿಲ್ಲ ನಾ" ಎಂದು ಅವ್ವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. ಖಾಲಾ ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ತಲೆ ಎತ್ತದೆ, "ನಾ ಹೋಗ್ತೀನ್ರಿ ಅಕ್ಕಾರ, ಆಕಿ ಜೋಡಿ" ಎಂದರು. ಅವ್ವನಿಗೆ ನಗು ತಡೆಯಲಿಲ್ಲ. "ನೀವಾ? ಗುಡ್ಡಕ್ಕಾ?"

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಆ ದಾರಿ ಎಂಥದೆಂದು ಗೊತ್ತಿರಲಿಲ್ಲ. ಒಂದು ಕಡೆ ಗೋಡೆಯಂತೆ ನಿಂತ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಜೀಪು ತಿರುವಿಗೆ ಬಂದಾಗಲೆಲ್ಲ ಖಾಲಾ ನನ್ನ ತೊಡೆಯನ್ನು ಚಿವುಟಿ ಹಿಡಿಯುತ್ತಿದ್ದರು. "ಯವ್ವಾ, ಇದಕ್ಕ ತಳಾನ ಇಲ್ಲಲ್ಲ" ಎಂದು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ನಾನು ಧೈರ್ಯಸ್ಥೆಯ ಹಾಗೆ ನಗುತ್ತಿದ್ದೆ. ಆದರೆ ಆ ಕಡೆಯ ಕಿಟಕಿಯತ್ತ ನಾನೂ ತಿರುಗುತ್ತಿರಲಿಲ್ಲ.

ಊರು ಇನ್ನೇನು ಬಂತು ಎನ್ನುವಾಗ ಜೀಪು ನಿಂತಿತು. ಮುಂದೆ ಗುಡ್ಡ ಜರಿದು ರಸ್ತೆಯ ಮೇಲೆ ಮಣ್ಣು, ಕಲ್ಲು ಹರಡಿತ್ತು. ಆಚೆ ಬೇರೆ ಜೀಪು ಕಾಯುತ್ತಿದೆ, ನಡೆದು ದಾಟಬೇಕು ಎಂದ ಡ್ರೈವರ್. ಕೆಂಪು ಬಾವುಟದವನೊಬ್ಬ ಮೇಲಿನ ಇಳಿಜಾರನ್ನೇ ನೋಡುತ್ತ, ಸೀಟಿ ಊದಿ ಒಬ್ಬೊಬ್ಬರನ್ನೇ ಬಿಡುತ್ತಿದ್ದ.

ಖಾಲಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ನೆಲ ಬಿಟ್ಟು ಬೇರೇನೂ ನೋಡದೆ ದಾಟಿಬಿಟ್ಟರು. ನಾನು ಹೊರಟೆ. ನಡುವೆ ಬಂದಾಗ ಮೇಲಿನಿಂದ ಮುಷ್ಟಿಯಷ್ಟು ಕಲ್ಲೊಂದು ಉರುಳಿ, ನನ್ನ ಪಾದದ ಮುಂದೆಯೇ ಹಾದು ಕೆಳಗೆ ಹೋಯಿತು. ಅದು ಬಿದ್ದ ಸದ್ದು ಕೇಳಲೇ ಇಲ್ಲ. ನನ್ನ ಕಾಲು ಅಲ್ಲೇ ನಿಂತುಬಿಟ್ಟವು. ಬಾವುಟದವನು ಸೀಟಿ ಊದುತ್ತಲೇ ಇದ್ದ. ಬಾ ಎನ್ನುತ್ತಿದ್ದಾನೋ ಹಿಂದಕ್ಕೆ ಹೋಗು ಎನ್ನುತ್ತಿದ್ದಾನೋ ತಿಳಿಯಲಿಲ್ಲ. ಮನೆ, ಅವ್ವ, ಸಿನಿಮಾ ಯಾವುದೂ ನೆನಪಿರಲಿಲ್ಲ. ಮೇಲಿನಿಂದ ಸಣ್ಣಗೆ ಮಣ್ಣು ಸುರಿಯುವ ಸದ್ದಷ್ಟೇ ಕಿವಿಯಲ್ಲಿತ್ತು.

ಆಚೆ ಬದಿಯಲ್ಲಿ ಜನ ಖಾಲಾ ಅವರನ್ನು ಹಿಡಿದುಕೊಂಡಿದ್ದರು. ಅವರು ಕೊಸರಿಕೊಂಡು ವಾಪಸ್ ಬಂದರು.

ಬಂದು ನನ್ನ ಮುಂಗೈ ಹಿಡಿದರು. ಕಣ್ಣಲ್ಲಿ ನೀರು, ಕೈ ತಣ್ಣಗೆ ಕೊರೆಯುತ್ತಿತ್ತು.

"ಖಾಲಾ, ಕಾಲ ಬರವಲ್ಲವುರಿ."

"ನನಗರೆ ಎಲ್ಲಿ ಬರಾಕತ್ತಾವು? ಅಂಜ್ಕೋತನ ನಡಿ. ಕೆಳಗ ನೋಡಬ್ಯಾಡ, ನನ್ನ ಗದ್ದ ನೋಡು. ಹೆಂಗ ಕುಣ್ಯಾಕತ್ತೈತಿ ನೋಡಿಲ್ಲೆ."

ಹೆದರಬೇಡ ಎಂದಿದ್ದರೆ ನಾನು ಅಲ್ಲೇ ಇರುತ್ತಿದ್ದೆನೇನೋ. ಅವರ ಗದ್ದವನ್ನೇ ನೋಡುತ್ತ, ಅವರು ಅಡ್ಡಡ್ಡ ಹೆಜ್ಜೆ ಇಟ್ಟ ಹಾಗೆ ನಾನೂ ಇಟ್ಟೆ. ದಾಟಿದ ಮೇಲೆ ಖಾಲಾ ರಸ್ತೆ ಬದಿಗೆ ಕೂತು ವಾಂತಿ ಮಾಡಿಕೊಂಡರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿ, "ಏನರೆ ಆಗಿದ್ರ ನಿಮ್ಮವ್ವಗ ಏನ್ ಹೇಳ್ಲಿ ಬೇ ನಾ?" ಎಂದು ಜೋರಾಗಿ ಅತ್ತರು. ನಾವು ಆ ಇನ್ನೊಂದು ಜೀಪು ಹತ್ತುವಷ್ಟರಲ್ಲಿ ನಾನು ನಿಂತಿದ್ದ ಜಾಗದ ಮೇಲೆ ಮತ್ತೆ ಕಲ್ಲು ಬಿದ್ದವು. ಆಗ ಅಲ್ಲಿ ಯಾರೂ ಇರಲಿಲ್ಲ.

ಚಿತ್ರ ತೋರಿಸಿದ್ದು ಶಾಲೆಯೊಂದರ ತಗಡಿನ ಸಭಾಂಗಣದಲ್ಲಿ. ಊರಿನವರು ರಜಾಯಿ ಹೊದ್ದು, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಬಂದಿದ್ದರು. ಪರದೆಯ ಮೇಲೆ ತಮ್ಮ ಮುಖ ಬಂದ ಕೂಡಲೇ ಖಾಲಾ ಕಣ್ಣು ಮುಚ್ಚಿದರು. "ಮುಗೀತನು? ಮುಗೀತನು?" ಎಂದು ಪಿಸುಗುಟ್ಟುತ್ತಿದ್ದರು. ಚಿತ್ರದ ಕೊನೆಗೆ ನಾನು ಅವರನ್ನು ಅಂಜಿಕೆ ಹೋಯಿತೇ ಎಂದು ಕೇಳುತ್ತೇನೆ. ಟಿಕೋಟಾ ರಸ್ತೆಯಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ಅವರು ಹೇಳುತ್ತಾರೆ: "ಎಲ್ಲಿಗೆ ಹೋಗ್ತೈತಿ? ಹಿಂದಿನ ಸೀಟಿನ್ಯಾಗ ಕುಂತೈತಿ." ಕೆಳಗಿನ ಹಿಂದಿ ಸಾಲು ಓದಿ ಸಭಾಂಗಣ ನಕ್ಕಿತು, ಆಮೇಲೆ ಚಪ್ಪಾಳೆ ಹೊಡೆಯಿತು. ಖಾಲಾ ಬೆಚ್ಚಿ ನನ್ನ ತೋಳು ಹಿಡಿದರು. ತಗಡು ಬಿತ್ತೆಂದು ತಿಳಿದರಂತೆ.

ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿಗೆ ಖಾಲಾ ಎಂದರೆ ಪ್ರಾಣ. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಇವರು, ತಮ್ಮ ಬೆಟ್ಟದ ಹಿಂದಿಯಲ್ಲಿ ಅವರು, ಒಲೆಯ ಮುಂದೆ ಕೂತು ಹಗಲೆಲ್ಲ ಹರಟಿದರು.

ಊರಿಗೆ ಬಂದ ಮೇಲೆ ಚಳಿಗಾಲ ಕಳೆಯುವಷ್ಟರಲ್ಲಿ ಖಾಲಾಗೆ ಎದೆನೋವು ಕಾಣಿಸಿಕೊಂಡಿತು. ಆಪರೇಷನ್ ಆಗಬೇಕೆಂದರು. ಒಳಗೆ ಕರೆದೊಯ್ಯುವಾಗ ನನ್ನ ಹತ್ತಿರ ಅವರು ಹೇಳಿದ್ದು ಇಷ್ಟೇ: "ಟಿಕೋಟಾದ ಅಕ್ಕಗ ಹೇಳು, ಸೋಮವಾರ ನಾ ಬರ್ತೀನಂತ." ತಿರುಗಿ ಬರಲಿಲ್ಲ. ಟಿಕೋಟಾಕ್ಕೆ ಹೋಗಿ ಹಾಸಿಗೆಯಲ್ಲಿದ್ದ ಆ ಮುದುಕಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಬಾಗಿಲ ಚಿಲಕಕ್ಕೆ ಕೈ ಹಚ್ಚಲು ಆಗದೆ ಹೊರಗೆ ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಆ ಹೊತ್ತಿನ ಅಂಜಿಕೆಯ ಮುಂದೆ ಬೆಟ್ಟದ ದಾರಿ ಏನೂ ಅಲ್ಲ.

ಮರುವರ್ಷ ಉತ್ಸವದವರು ಮತ್ತೆ ಕರೆದರು. ಈ ಸಲ ಅವ್ವ ಬೇಡ ಎನ್ನಲಿಲ್ಲ. ಒಬ್ಬಳೇ ಹೋದೆ. ಅದೇ ಮನೆಯ ಯಜಮಾನಿ ಅಂಗಳಕ್ಕೆ ಓಡಿಬಂದು ನನ್ನ ಬೆನ್ನ ಹಿಂದೆ, ಜೀಪಿನೊಳಗೆ ಇಣುಕಿ ನೋಡಿದರು.

"ಅವರು ಬರಲಿಲ್ಲವೇ? ದಾರಿಗೆ ಹೆದರಿದರೇ?"

"ಇಲ್ಲ," ಎಂದೆ. "ಹೆದರಿ ನಿಂತವರಲ್ಲ ಅವರು."

ಆಕೆ ನನ್ನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಚೀಲ ತೆಗೆದುಕೊಂಡು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.